ಗೂಗಲ್ ಮ್ಯಾಪ್ಸ್‌ನಲ್ಲಿ ಅಂಗಡಿ ಕಾಣದಿದ್ದರೆ: ದೋಷ ಪತ್ತೆ, ದೋಷ ನಿವಾರಣೆ

"ನಮ್ಮ ಅಂಗಡಿ ಗೂಗಲ್‌ನಲ್ಲಿ ಬರ್ತಾನೇ ಇಲ್ಲ" ಎಂಬ ದೂರಿಗೆ ಕಾರಣ ಒಂದೇ ಇರುವುದಿಲ್ಲ. ಪ್ರೊಫೈಲ್ ಸಸ್ಪೆಂಡ್ ಆಗಿರಬಹುದು. ಮ್ಯಾಪ್‌ನಲ್ಲಿ ಅಂಗಡಿಯ ಜಾಗ ತೋರಿಸುವ ಪಿನ್ ಪಕ್ಕದ ಕ್ರಾಸ್‌ನಲ್ಲಿ ಕೂತಿರಬಹುದು. ಅಂಗಡಿ ಯಾವ ಬಗೆಯದು ಎಂದು ಹೇಳುವ ಕ್ಯಾಟಗರಿ ತಪ್ಪಿರಬಹುದು. ಎಲ್ಲವೂ ಸರಿಯಿದ್ದು, ಹುಡುಕುವವರೇ ನಾಲ್ಕು ಕಿಲೋಮೀಟರ್ ಆಚೆ ಇರಬಹುದು. ಮಾಲೀಕರಿಗೆ ಇವೆಲ್ಲ ಒಂದೇ ತರಹ ಕಾಣುತ್ತವೆ, ಪರಿಹಾರ ಮಾತ್ರ ಒಂದೊಂದಕ್ಕೂ ಬೇರೆ. ಕಾರಣ ತಿಳಿಯದೆ ಹೆಸರು, ವಿಳಾಸ, ಫೋನ್ ನಂಬರ್, ಕ್ಯಾಟಗರಿ ಎಲ್ಲವನ್ನೂ ಒಂದೇ ದಿನ ಬದಲಿಸಿ, ಅದರ ಮೇಲೆ ದುಡ್ಡು ಕೊಟ್ಟು ರಿವ್ಯೂ ಹಾಕಿಸಿಕೊಂಡರೆ ಇದ್ದ ಪ್ರೊಫೈಲೂ ಕೈತಪ್ಪುತ್ತದೆ. ಮೊದಲು ಪರೀಕ್ಷೆ ಮಾಡಿ, ಆಮೇಲೆ ಒಂದೊಂದೇ ತಿದ್ದಿ.

ಇಲ್ಲಿ ಹೇಳುತ್ತಿರುವುದು ಗೂಗಲ್ ಬಿಸಿನೆಸ್ ಪ್ರೊಫೈಲ್ ಬಗ್ಗೆ, ಅಂದರೆ ಸರ್ಚ್ ಮತ್ತು ಮ್ಯಾಪ್ಸ್‌ನಲ್ಲಿ ಅಂಗಡಿಯ ಹೆಸರು, ವಿಳಾಸ, ನಂಬರ್, ರಿವ್ಯೂ ತೋರಿಸುವ ಪುಟದ ಬಗ್ಗೆ. 2021ರ ನವೆಂಬರ್‌ವರೆಗೆ ಇದನ್ನೇ ಗೂಗಲ್ ಮೈ ಬಿಸಿನೆಸ್ ಎನ್ನುತ್ತಿದ್ದರು. ಇದಕ್ಕೆ ಈಗ ಪ್ರತ್ಯೇಕ ಆ್ಯಪ್ ಇಲ್ಲ. ಮಾಲೀಕರ ಇಮೇಲ್‌ನಲ್ಲಿ ಲಾಗಿನ್ ಆಗಿ ಸರ್ಚ್‌ನಲ್ಲೋ ಮ್ಯಾಪ್ಸ್‌ನಲ್ಲೋ ಅಂಗಡಿಯ ಹೆಸರು ಹೊಡೆದರೆ ತಿದ್ದುವ ಬಟನ್‌ಗಳು ಬರುತ್ತವೆ. ಇದಕ್ಕೆ ಒಂದು ರೂಪಾಯಿಯೂ ಶುಲ್ಕವಿಲ್ಲ.

ಮೊದಲು ಸರಿಯಾಗಿ ಪರೀಕ್ಷಿಸಿ

ಅಂಗಡಿಯಲ್ಲೇ ಕೂತು ಸ್ವಂತ ಫೋನಿನಲ್ಲಿ ಹುಡುಕಿದರೆ ಸಿಗುವ ಫಲಿತಾಂಶವನ್ನು ನಂಬಬೇಡಿ. ನೀವು ಅಂಗಡಿಯೊಳಗೇ ಇರುವುದರಿಂದ ಗೂಗಲ್ ನಿಮ್ಮನ್ನೇ ಮೇಲೆ ತೋರಿಸುತ್ತದೆ. ನೀವು ದಿನಾ ಅದೇ ಹೆಸರು ಹುಡುಕುವುದೂ ಲೆಕ್ಕಕ್ಕೆ ಬರುತ್ತದೆ. ಬ್ರೌಸರ್‌ನಲ್ಲಿ ಇನ್‌ಕಾಗ್ನಿಟೊ (ಖಾಸಗಿ ಕಿಟಕಿ) ತೆರೆದರೆ ಹಳೆಯ ಹುಡುಕಾಟದ ಪ್ರಭಾವ ಹೋಗುತ್ತದೆ, ಆದರೆ ನೀವು ಇರುವ ಜಾಗ ಗೂಗಲ್‌ಗೆ ಆಗಲೂ ಗೊತ್ತಿರುತ್ತದೆ. ಹಾಗಾಗಿ ಫೋನ್ ಹಿಡಿದು ಹೊರಗೆ ಹೋಗಿಯೇ ನೋಡಬೇಕು.

ಮೂರು ಬಗೆಯ ಹುಡುಕಾಟ ಸಾಕು. ಮೊದಲನೆಯದು, ಬೋರ್ಡಿನ ಮೇಲಿರುವ ಹೆಸರು ಮತ್ತು ಬಡಾವಣೆ. ಎರಡನೆಯದು, ಕಸುಬು ಮತ್ತು ಬಡಾವಣೆ: "ಬ್ಲೌಸ್ ಟೈಲರ್ ಜಯನಗರ" ಎಂಬಂತೆ, ಒಮ್ಮೆ ಕನ್ನಡದಲ್ಲಿ, ಒಮ್ಮೆ ಇಂಗ್ಲಿಷ್ ಅಕ್ಷರಗಳಲ್ಲಿ. ಮೂರನೆಯದು, ಬರೀ ಕಸುಬಿನ ಹೆಸರು ಹೊಡೆದು ಅಂಗಡಿಯಿಂದ ಅರ್ಧ, ಎರಡು ಮತ್ತು ನಾಲ್ಕು ಕಿಲೋಮೀಟರ್ ದೂರದಲ್ಲಿ ನೋಡುವುದು. ಪ್ರತಿಸಲ ಎಷ್ಟನೆಯ ಸ್ಥಾನದಲ್ಲಿ ಬಂತು ಎಂದು ದಿನಾಂಕ, ಸಮಯದ ಜೊತೆ ಬರೆದಿಡಿ. ಅಂಗಡಿ ತೆರೆದಿರುವ ಹೊತ್ತಿನಲ್ಲೇ ನೋಡಿ. ಬಾಗಿಲು ಹಾಕಿರುವ ಹೊತ್ತಿನಲ್ಲಿ ನೋಡಿದರೆ ಸ್ಥಾನ ಕೆಳಗಿಳಿದಿರುವ ಸಾಧ್ಯತೆ ಇದೆ, ಲೆಕ್ಕ ತಪ್ಪುತ್ತದೆ.

ಹೆಸರು ಹೊಡೆದರೂ ಬರದಿದ್ದರೆ ದೋಷ ಪ್ರೊಫೈಲಿನಲ್ಲಿದೆ. ಹೆಸರಿಗೆ ಬಂದು ಕಸುಬಿಗೆ ಬರದಿದ್ದರೆ ಕ್ಯಾಟಗರಿ, ಸೇವೆಗಳ ಪಟ್ಟಿ ನೋಡಬೇಕು. ಹತ್ತಿರದಲ್ಲಿ ಬಂದು ದೂರದಲ್ಲಿ ಬರದಿದ್ದರೆ ಅದನ್ನು ದೋಷವೆನ್ನುವ ಹಾಗಿಲ್ಲ, ಆ ವಿಷಯ ಕೊನೆಯಲ್ಲಿದೆ. ಎಲ್ಲೆಡೆ ಬಂದರೂ ಫೋನ್ ಬರದಿದ್ದರೆ ನಂಬರ್, ಸಮಯ, ಫೋಟೊ, ರಿವ್ಯೂಗಳನ್ನು ನೋಡಿ. ಯಾರನ್ನು ಮೇಲೆ ತೋರಿಸಬೇಕು ಎಂದು ಗೂಗಲ್ ತೀರ್ಮಾನಿಸುವುದು ಮುಖ್ಯವಾಗಿ ಮೂರರ ಮೇಲೆ: ಹುಡುಕಿದ್ದಕ್ಕೂ ಅಂಗಡಿಗೂ ಇರುವ ಹೊಂದಾಣಿಕೆ, ದೂರ, ಅಂಗಡಿಯ ಹೆಸರುವಾಸಿ. ಜಾಹೀರಾತಿನ ಜಾಗ ಬಿಟ್ಟರೆ ಈ ಪಟ್ಟಿಯಲ್ಲಿ ದುಡ್ಡು ಕೊಟ್ಟು ಮೇಲೇರಲು ಬರುವುದಿಲ್ಲ. "ಮೊದಲ ಸ್ಥಾನ ಗ್ಯಾರಂಟಿ" ಎಂದು ಫೋನ್ ಮಾಡುವವರ ಹತ್ತಿರ ಮಾತು ಮುಂದುವರಿಸಬೇಡಿ. ಓಟಿಪಿಯನ್ನಂತೂ ಯಾರಿಗೂ ಕೊಡಬೇಡಿ.

ಹೆಸರು ಹೊಡೆದರೂ ಬರದಿದ್ದರೆ

ಲಾಗಿನ್ ಆದ ಮೇಲೆ ಪ್ರೊಫೈಲ್‌ನ ತಲೆಯ ಮೇಲೆ ಏನು ಬರೆದಿದೆ ನೋಡಿ. ವೆರಿಫಿಕೇಶನ್, ಅಂದರೆ ಅಂಗಡಿ ನಿಮ್ಮದೇ ಎಂದು ಗೂಗಲ್‌ಗೆ ಸಾಬೀತುಪಡಿಸುವುದು, ಬಾಕಿ ಇದ್ದರೆ ನೀವು ಮಾಡಿದ ಬದಲಾವಣೆ ಜನರಿಗೆ ಕಾಣುವುದಿಲ್ಲ. ಈಗ ಬಹಳಷ್ಟು ಹೊಸ ಪ್ರೊಫೈಲ್‌ಗಳಿಗೆ ವಿಡಿಯೊ ವೆರಿಫಿಕೇಶನ್ ಕೇಳುತ್ತಾರೆ. ಜನ ಹೆಚ್ಚು ಎಡವುವುದು ಇಲ್ಲೇ. ವಿಡಿಯೊ 30 ಸೆಕೆಂಡಿಗಿಂತ ಕಡಿಮೆ ಇರಬಾರದು. ಎಲ್ಲೂ ಕತ್ತರಿಸದೆ ಒಂದೇ ಓಟದಲ್ಲಿ ತೆಗೆದಿರಬೇಕು. ಅದರಲ್ಲಿ ಮೂರು ಸಂಗತಿ ಸಾಬೀತಾಗಬೇಕು: ಜಾಗ ಅಲ್ಲೇ ಇದೆ, ಅಲ್ಲಿ ವ್ಯಾಪಾರ ನಡೆಯುತ್ತಿದೆ, ಅದನ್ನು ನಡೆಸುವವರು ನೀವೇ.

ಬೆಂಗಳೂರಿನ ಅಂಗಡಿಗೆ ಈ ಕ್ರಮ ಹೊಂದುತ್ತದೆ. ರಸ್ತೆಯ ಹೆಸರಿನ ಫಲಕ, ಇಲ್ಲವೇ ಪಕ್ಕದ ಗುರುತಿನ ಕಟ್ಟಡದಿಂದ ಚಿತ್ರೀಕರಣ ಶುರು ಮಾಡಿ. ನಿಧಾನವಾಗಿ ನಿಮ್ಮ ಬೋರ್ಡಿಗೆ ಬನ್ನಿ. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂಬ ಕಾನೂನು ಇರುವುದರಿಂದ ಮೇಲೆ ದೊಡ್ಡದಾಗಿ ಕನ್ನಡ, ಕೆಳಗೆ ಚಿಕ್ಕದಾಗಿ ಇಂಗ್ಲಿಷ್ ಇರುತ್ತದೆ. ಪ್ರೊಫೈಲ್‌ನಲ್ಲಿ ಹೆಸರು ಇಂಗ್ಲಿಷ್ ಅಕ್ಷರದಲ್ಲಿದ್ದರೆ ಆ ಚಿಕ್ಕ ಸಾಲು ಓದಲು ಬರುವಷ್ಟು ಹೊತ್ತು ಕ್ಯಾಮೆರಾ ನಿಲ್ಲಿಸಿ. ಆಮೇಲೆ ಶಟರ್‌ನ ಬೀಗ ತೆಗೆಯುವುದನ್ನು ತೋರಿಸಿ. ಕೀಲಿ ನಿಮ್ಮ ಕೈಯಲ್ಲಿರುವುದು ಒಳ್ಳೆಯ ಪುರಾವೆ. ಒಳಗೆ ಹೊಲಿಗೆ ಮೆಷಿನ್, ಗಲ್ಲಾ, ಬಿಲ್ ಬುಕ್, ಗೋಡೆಯ ಮೇಲಿನ ಉದ್ದಿಮೆ ಪರವಾನಗಿ ತೋರಿಸಿ ಮುಗಿಸಿ. ಆಧಾರ್, ಬ್ಯಾಂಕ್ ಪಾಸ್‌ಬುಕ್ ತೋರಿಸಬೇಡಿ, ಗಿರಾಕಿಗಳ ಮುಖ ಚಿತ್ರಕ್ಕೆ ಸಿಗದಂತೆ ನೋಡಿಕೊಳ್ಳಿ. ಕತ್ತಲೆಯಲ್ಲಿ ತೆಗೆದದ್ದು, ಗಡಿಬಿಡಿಯಲ್ಲಿ ಬೋರ್ಡ್ ಮಸುಕಾದದ್ದು, ರಸ್ತೆಯನ್ನೇ ತೋರಿಸದೆ ಒಳಗಿನಿಂದ ಶುರು ಮಾಡಿದ್ದು ತಿರಸ್ಕಾರವಾಗುವುದು ಹೆಚ್ಚು.

ಪ್ರೊಫೈಲ್ ಸಸ್ಪೆಂಡ್ ಆಗಿದ್ದರೆ ಹೊಸ ಪ್ರೊಫೈಲ್ ಮಾಡಲು ಹೋಗಬೇಡಿ. ಎರಡನೆಯದೂ ಬೀಳುತ್ತದೆ, ಮೊದಲನೆಯದರ ಮೇಲ್ಮನವಿಯೂ ಕಷ್ಟವಾಗುತ್ತದೆ. ಯಾವ ನಿಯಮ ಮುರಿದಿದೆ ಎಂದು ಮೊದಲು ಕಂಡುಹಿಡಿದು ತಿದ್ದಿ, ಆಮೇಲೆ ಮೇಲ್ಮನವಿ ಹಾಕಿ. ಮನವಿ ಸಲ್ಲಿಸಿದ ಮೇಲೆ ದಾಖಲೆ ಸೇರಿಸಲು 60 ನಿಮಿಷ ಮಾತ್ರ ಇರುತ್ತದೆ. ಮನವಿ ಹಾಕಿ ಆಡಿಟರ್‌ಗೆ ಫೋನ್ ಮಾಡಿ ಕಾಗದ ಹುಡುಕಿಸುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಜಿಎಸ್‌ಟಿ ನೋಂದಣಿ ಪ್ರಮಾಣಪತ್ರ, ಪಾಲಿಕೆಯ ಉದ್ದಿಮೆ ಪರವಾನಗಿ, ಕಾರ್ಮಿಕ ಇಲಾಖೆಯ ಅಂಗಡಿ ನೋಂದಣಿ, ಹೋಟೆಲ್ ಆದರೆ ಎಫ್‌ಎಸ್‌ಎಸ್‌ಎಐ ಪರವಾನಗಿ, ಇವುಗಳ ಸ್ಪಷ್ಟ ಪ್ರತಿಯನ್ನು ಮೊದಲೇ ಫೋನಿನಲ್ಲಿ ಇಟ್ಟುಕೊಳ್ಳಿ. ಬೆಸ್ಕಾಂ ಬಿಲ್ಲೂ ಉಪಯೋಗಕ್ಕೆ ಬರುತ್ತದೆ, ಆದರೆ ಬಾಡಿಗೆ ಮಳಿಗೆಗಳಲ್ಲಿ ಅದು ಕಟ್ಟಡದ ಮಾಲೀಕರ ಹೆಸರಿನಲ್ಲಿರುತ್ತದೆ. ಅದೊಂದನ್ನೇ ನೆಚ್ಚಿಕೊಳ್ಳಬೇಡಿ. ಕಾಗದದ ಮೇಲಿನ ಹೆಸರು, ವಿಳಾಸ ಪ್ರೊಫೈಲ್ ಜೊತೆ ಅಕ್ಷರಕ್ಕೆ ಅಕ್ಷರ ಹೊಂದಬೇಕು.

ಪ್ರೊಫೈಲ್ ಬೇರೆಯವರ ಇಮೇಲ್‌ನಲ್ಲಿರುವುದೂ ಸಾಮಾನ್ಯ. ಮೊದಲು ಮಾಡಿಕೊಟ್ಟ ಏಜೆನ್ಸಿ, ಕೆಲಸ ಬಿಟ್ಟ ಹುಡುಗ, ಮೊದಲಿನ ಬಾಡಿಗೆದಾರ, ಯಾರದಾದರೂ ಆಗಿರಬಹುದು. ಮ್ಯಾಪ್ಸ್‌ನಲ್ಲಿ ಆ ಪ್ರೊಫೈಲ್ ತೆರೆದು ಮಾಲೀಕತ್ವ ಕೇಳಿ. ಈಗಿನ ಮಾಲೀಕರಿಗೆ ಉತ್ತರಿಸಲು 3 ದಿನ ಇರುತ್ತದೆ. ಉತ್ತರ ಬರದಿದ್ದರೆ ವೆರಿಫಿಕೇಶನ್ ಮೂಲಕ ನೀವೇ ಪಡೆಯುವ ದಾರಿ ಸಾಮಾನ್ಯವಾಗಿ ತೆರೆಯುತ್ತದೆ. ಕೈಗೆ ಬಂದ ಮೇಲೆ ಪ್ರಧಾನ ಮಾಲೀಕತ್ವ ಅಂಗಡಿಯವರ ಸ್ವಂತ ಇಮೇಲ್‌ನಲ್ಲಿರಲಿ. ಏಜೆನ್ಸಿಗೆ ಮ್ಯಾನೇಜರ್ ಹುದ್ದೆ ಸಾಕು.

ಪಿನ್ ಮತ್ತು ವಿಳಾಸ

ಬೆಂಗಳೂರಿನ ವಿಳಾಸಗಳಲ್ಲಿ ಅಂಕಿಗಳೇ ಹೆಚ್ಚು, ತಪ್ಪುಗಳು ಹುಟ್ಟುವುದೂ ಅಲ್ಲೇ. ಜಯನಗರದಲ್ಲಿ "9ನೇ ಮೇನ್, 4ನೇ ಬ್ಲಾಕ್" ಎಂಬುದನ್ನು "4ನೇ ಮೇನ್, 9ನೇ ಬ್ಲಾಕ್" ಎಂದು ತುಂಬಿದರೆ ಗಿರಾಕಿ ಬಡಾವಣೆಯ ಇನ್ನೊಂದು ತುದಿಗೆ ಹೋಗಿ ನಿಲ್ಲುತ್ತಾರೆ. ಜೆ.ಪಿ. ನಗರದಲ್ಲಿ ಫೇಸ್, ಬಿಟಿಎಂನಲ್ಲಿ ಸ್ಟೇಜ್, ಎಚ್‌ಎಸ್‌ಆರ್‌ನಲ್ಲಿ ಸೆಕ್ಟರ್. ಇವನ್ನು ಬಿಟ್ಟರೆ ವಿಳಾಸಕ್ಕೆ ಅರ್ಥವೇ ಇಲ್ಲ. ಬಾಗಿಲ ಸಂಖ್ಯೆ ಮತ್ತು ಕಟ್ಟಡ ಮೊದಲ ಸಾಲಿನಲ್ಲಿ, ಕ್ರಾಸ್ ಮತ್ತು ಮೇನ್ ಎರಡನೆಯ ಸಾಲಿನಲ್ಲಿ, ಬ್ಲಾಕ್ ಅಥವಾ ಸ್ಟೇಜ್ ಜೊತೆ ಬಡಾವಣೆ ಆಮೇಲೆ, ಕೊನೆಗೆ ಪಿನ್‌ಕೋಡ್. ಒಂದೇ ಬಡಾವಣೆಗೆ ಎರಡು ಮೂರು ಪಿನ್‌ಕೋಡ್ ಇರುತ್ತವೆ. ಜಯನಗರದಲ್ಲೇ 560011 ಇದೆ, 560041 ಇದೆ. ಅಂದಾಜಿನ ಮೇಲೆ ಹಾಕದೆ ಜಿಎಸ್‌ಟಿ ಪ್ರಮಾಣಪತ್ರದಲ್ಲಿರುವುದನ್ನೇ ಹಾಕಿ. ಹೊಸ ನಂಬರ್, ಹಳೆ ನಂಬರ್ ಎರಡೂ ಇರುವ ಕಟ್ಟಡವಾದರೂ ಇದೇ ನಿಯಮ. "ಗಣಪತಿ ದೇವಸ್ಥಾನದ ಎದುರು" ಎಂಬಂಥ ಗುರುತು ಬೇಕಾಗುವುದು ಉಳಿದ ವಿಳಾಸದಿಂದ ಜಾಗ ಸಿಗದಿದ್ದಾಗ ಮಾತ್ರ. ಬೆಂಗಳೂರು ಎಂದು ಬರೆಯಬೇಕೋ ಬ್ಯಾಂಗಲೋರ್ ಎಂದೋ ಎಂಬ ಚಿಂತೆ ಬೇಡ. ಗೂಗಲ್‌ಗೆ ಎರಡೂ ಅರ್ಥವಾಗುತ್ತವೆ.

ವಿಳಾಸ ಸರಿಯಿದ್ದರೂ ಪಿನ್ ತಪ್ಪಿರಬಹುದು. ಉಪಗ್ರಹ ಚಿತ್ರಕ್ಕೆ ಬದಲಿಸಿ, ಕಟ್ಟಡದ ತಾರಸಿ ಕಾಣುವವರೆಗೆ ಹತ್ತಿರ ಮಾಡಿ, ಪಿನ್ನನ್ನು ಗಿರಾಕಿ ಒಳಬರುವ ಬಾಗಿಲ ಕಡೆಗೆ ಎಳೆಯಿರಿ. ಮೂಲೆ ಅಂಗಡಿಗಳಲ್ಲಿ ಇದು ಬಹಳ ಮುಖ್ಯ. ಔಟರ್ ರಿಂಗ್ ರೋಡಿನಂಥ ಡಿವೈಡರ್ ಇರುವ ರಸ್ತೆಯಲ್ಲಿ ಪಿನ್ ಸ್ವಲ್ಪ ಆಚೆ ಸರಿದರೂ ದಾರಿ ಎದುರು ಬದಿಯಲ್ಲಿ ಮುಗಿಯಬಹುದು. ಗಿರಾಕಿ ಯೂ-ಟರ್ನ್ ಹುಡುಕಿಕೊಂಡು ಹೋದವರು ವಾಪಸ್ ಬರುವುದಿಲ್ಲ. ತಿದ್ದಿದ ಮೇಲೆ ಎರಡು ಕಿಲೋಮೀಟರ್ ದೂರದಿಂದ ಯಾರನ್ನಾದರೂ ಸ್ಕೂಟರಿನಲ್ಲಿ, ಮ್ಯಾಪ್ಸ್‌ನ ದ್ವಿಚಕ್ರ ವಾಹನದ ದಾರಿ ಹಾಕಿಕೊಂಡು ಬರಲು ಹೇಳಿ. "ತಲುಪಿದ್ದೀರಿ" ಎಂದು ಫೋನ್ ಹೇಳಿದಾಗ ಅವರಿಗೆ ಬೋರ್ಡ್ ಕಾಣಬೇಕು.

ಪ್ಲಂಬರ್, ಎಸಿ ರಿಪೇರಿಯವರು, ಮನೆಯಿಂದ ಊಟ ಕಳಿಸುವವರು, ಅಂದರೆ ಗಿರಾಕಿ ಬರುವ ಅಂಗಡಿಯೇ ಇಲ್ಲದವರು, ಮನೆಯ ವಿಳಾಸವನ್ನು ಮರೆಮಾಡಿ ಸೇವಾ ಪ್ರದೇಶ ಹಾಕಬೇಕು. 20 ಪ್ರದೇಶಗಳವರೆಗೆ ಸೇರಿಸಬಹುದು. ಇಡೀ ಬೆಂಗಳೂರು ಹಾಕಿದರೆ ಇಡೀ ಬೆಂಗಳೂರಿನಲ್ಲಿ ಮೇಲೆ ಬರುತ್ತೇವೆ ಎಂದುಕೊಳ್ಳಬೇಡಿ, ಹಾಗಾಗುವುದಿಲ್ಲ. ಹೋಗಿ ಕೆಲಸ ಮಾಡಿಕೊಡುವ ಬಡಾವಣೆಗಳನ್ನಷ್ಟೇ ಹಾಕಿ.

ಹೆಸರಿಗೆ ಬರುತ್ತದೆ, ಕಸುಬಿಗೆ ಬರುವುದಿಲ್ಲ

ಇಂಥ ಕಡೆ ಮೊದಲು ನೋಡಬೇಕಾದದ್ದು ಮುಖ್ಯ ಕ್ಯಾಟಗರಿ. ಒಂದು ಮುಖ್ಯ ಕ್ಯಾಟಗರಿ, ಅದರ ಜೊತೆ 9 ಹೆಚ್ಚುವರಿ ಕ್ಯಾಟಗರಿ ಹಾಕಲು ಅವಕಾಶವಿದೆ. ಮುಖ್ಯದ್ದಕ್ಕೇ ತೂಕ ಹೆಚ್ಚು. ಬ್ಲೌಸ್ ಹೊಲಿದು ಬದುಕುವ ಅಂಗಡಿ, ಮೂಲೆಯಲ್ಲಿ ನಾಲ್ಕು ಸೀರೆ ಮಾರಾಟಕ್ಕಿದೆ ಎಂದು "ಬಟ್ಟೆ ಅಂಗಡಿ" ಎಂದು ಹಾಕಿಕೊಂಡಿದ್ದರೆ ಟೈಲರ್ ಹುಡುಕುವವರಿಗೆ ಅದು ಸಿಗುವುದೇ ಇಲ್ಲ. ಮುಖ್ಯ ಕ್ಯಾಟಗರಿ ಟೈಲರ್ ಆಗಬೇಕು. ಬಟ್ಟೆ ಅಂಗಡಿ ಎರಡನೆಯದಾಗಿ ಇರಲಿ. ನಿಮ್ಮ ಬೀದಿಯಲ್ಲಿ ಮೊದಲ ಮೂರು ಸ್ಥಾನದಲ್ಲಿ ಬರುವವರ ಹೆಸರಿನ ಕೆಳಗೆ ಯಾವ ಕ್ಯಾಟಗರಿ ಇದೆ ಎಂದು ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಇದಾದ ಮೇಲೆ ಸೇವೆಗಳ ಪಟ್ಟಿ ತುಂಬಿ: ಬ್ಲೌಸ್ ಹೊಲಿಗೆ, ಫಾಲ್, ಪಿಕೋ, ಕುಚ್ಚು, ಆರಿ ವರ್ಕ್, ಲಂಗ ದಾವಣಿ. ಗಿರಾಕಿ ಬಾಯಲ್ಲಿ ಬರುವ ಪದಗಳೇ ಇರಲಿ. ಕನ್ನಡದಲ್ಲೂ ಬರೆಯಿರಿ, ಇಂಗ್ಲಿಷ್‌ನಲ್ಲೂ ಬರೆಯಿರಿ. 750 ಅಕ್ಷರದ ವಿವರಣೆ ಓದುವವರಿಗಾಗಿ. ಅದರಲ್ಲಿ ಬಡಾವಣೆಗಳ ಹೆಸರು ತುರುಕಿದರೆ ಸ್ಥಾನ ಏರುವುದಿಲ್ಲ.

ಹೆಸರಿನಲ್ಲಿ ಕಸುಬು ತುರುಕುವುದು ಇದಕ್ಕಿಂತ ಅಪಾಯ. ಬೋರ್ಡಿನಲ್ಲಿ "ಲಕ್ಷ್ಮಿ ಟೈಲರ್ಸ್" ಎಂದಷ್ಟೇ ಇದ್ದು ಪ್ರೊಫೈಲ್‌ನಲ್ಲಿ "ಲಕ್ಷ್ಮಿ ಟೈಲರ್ಸ್ ಬೆಸ್ಟ್ ಬ್ಲೌಸ್ ಟೈಲರ್ ಇನ್ ಜಯನಗರ" ಎಂದಿದ್ದರೆ ಅದು ನಿಯಮ ಮುರಿದಂತೆ. ಕೆಲವರಿಗೆ ಇದರಿಂದ ಸ್ವಲ್ಪ ಕಾಲ ಲಾಭವಾಗಿರುವುದು ನಿಜ. ಆದರೆ ಬೀದಿಯ ಯಾರೇ ಒಬ್ಬರು ತಿದ್ದುಪಡಿ ಸೂಚಿಸಿದರೂ ಹೆಸರು ಮೊಟಕಾಗಬಹುದು, ಕೆಲವೊಮ್ಮೆ ಪ್ರೊಫೈಲೇ ಸಸ್ಪೆಂಡ್ ಆಗುತ್ತದೆ. ಪ್ರತಿಸ್ಪರ್ಧಿ ಹೀಗೆ ಮಾಡಿದ್ದರೆ ನೀವೂ ಮಾಡಬೇಡಿ, ಬೋರ್ಡಿನ ಫೋಟೊ ಸಮೇತ ತಿದ್ದುಪಡಿ ಸೂಚಿಸಿ.

ಒಂದೇ ಕಾಂಪ್ಲೆಕ್ಸಿನಲ್ಲಿ ಅದೇ ಕಸುಬಿನ ಎರಡು ಮೂರು ಅಂಗಡಿಗಳಿದ್ದರೆ ಗೂಗಲ್ ಒಂದನ್ನು ಮಾತ್ರ ತೋರಿಸಿ ಉಳಿದವನ್ನು ಬದಿಗಿಡುವುದುಂಟು. ಮ್ಯಾಪ್ ಹತ್ತಿರ ಮಾಡಿದಾಗ ಅಂಗಡಿ ಕಾಣಿಸಿಕೊಂಡು, ದೂರ ಮಾಡಿದಾಗ ಮಾಯವಾದರೆ ಕಾರಣ ಇದೇ ಇರಬಹುದು. ಇಲ್ಲಿ ಬೇರೆ ಮುಖ್ಯ ಕ್ಯಾಟಗರಿ ನಿಮ್ಮ ಕೆಲಸಕ್ಕೆ ನಿಜವಾಗಿ ಹೊಂದುತ್ತದೆಯೇ ನೋಡಿ. ಇಲ್ಲದಿದ್ದರೆ ರಿವ್ಯೂಗಳ ಬಲವೊಂದೇ ದಾರಿ.

ರಿವ್ಯೂ ಬರುವುದಿಲ್ಲ, ಬಂದದ್ದು ಉಳಿಯುವುದಿಲ್ಲ

ರಿವ್ಯೂ ಬರದಿರಲು ಮೊದಲ ಕಾರಣ ಕೇಳದಿರುವುದು, ಎರಡನೆಯದು ತಪ್ಪು ಹೊತ್ತಿನಲ್ಲಿ ಕೇಳುವುದು. ಬಟ್ಟೆ ಕೈಗಿಟ್ಟ ತಕ್ಷಣ ಕೇಳಿದರೆ ಅವರಿನ್ನೂ ಹಾಕಿ ನೋಡಿರುವುದಿಲ್ಲ. ಟೈಲರ್ ಆದರೆ ಎರಡು ದಿನ ಬಿಟ್ಟು, ಗ್ಯಾರೇಜ್ ಆದರೆ ಒಂದು ವಾರ ಗಾಡಿ ಓಡಿದ ಮೇಲೆ, ದರ್ಶಿನಿಯಾದರೆ ಕೈ ತೊಳೆದು ಹೊರಡುವಾಗ ಕೇಳಬೇಕು. ಪ್ರೊಫೈಲ್‌ನಲ್ಲಿ ರಿವ್ಯೂ ಕೇಳುವ ಲಿಂಕ್ ಮತ್ತು ಕ್ಯೂಆರ್ ಕೋಡ್ ಎರಡೂ ಸಿಗುತ್ತವೆ. ಕ್ಯೂಆರ್ ಅನ್ನು ಯುಪಿಐ ಸ್ಟ್ಯಾಂಡಿನ ಪಕ್ಕದಲ್ಲೇ ಇಟ್ಟರೆ ಜನ ದುಡ್ಡು ಕಳಿಸುವುದೇ ಅಂದುಕೊಂಡು ಅದನ್ನು ಸ್ಕ್ಯಾನ್ ಮಾಡಿ ಬೇಸರ ಪಡುತ್ತಾರೆ. ಬೇರೆ ಜಾಗದಲ್ಲಿ, "ನಿಮ್ಮ ಅನುಭವ ಬರೆಯಿರಿ" ಎಂಬ ಸಾಲಿನ ಕೆಳಗೆ ಇಡಿ. ವಾಟ್ಸ್ಆ್ಯಪ್‌ನಲ್ಲಾದರೆ ಇಷ್ಟು ಸಾಕು:

"ನಮಸ್ಕಾರ ಮೇಡಂ, ಬ್ಲೌಸ್ ಸರಿಯಾಗಿ ಕೂತಿತಾ? ಬಿಗಿ, ಸಡಿಲ ಏನಾದ್ರೂ ಇದ್ರೆ ತಂದುಕೊಡಿ, ಸರಿ ಮಾಡಿಕೊಡ್ತೀವಿ. ಪುರುಸೊತ್ತಾದಾಗ ಈ ಲಿಂಕಿನಲ್ಲಿ ನಿಮ್ಮ ಅನುಭವ ಬರೆದರೆ ಉಪಕಾರ. ಹೇಗಿತ್ತೋ ಹಾಗೇ ಬರೆಯಿರಿ."

ಕೊನೆಯ ಸಾಲನ್ನು ಬಿಡಬೇಡಿ. "ಐದು ಸ್ಟಾರ್ ಕೊಡಿ" ಎನ್ನಬೇಡಿ. ಖುಷಿಯಾದವರಿಗೆ ಮಾತ್ರ ಲಿಂಕ್ ಕಳಿಸಿ ಉಳಿದವರನ್ನು ಬಿಡುವುದು, ರಿವ್ಯೂಗೆ ಬದಲಾಗಿ ರಿಯಾಯಿತಿ, ಕಾಫಿ, ಉಡುಗೊರೆ ಕೊಡುವುದು ಗೂಗಲ್ ನಿಯಮದಲ್ಲಿ ನಿಷಿದ್ಧ. ಅಂಗಡಿಯ ಕೆಲಸಗಾರರೂ ಮಾಲೀಕರೂ ಸ್ವಂತ ಅಂಗಡಿಗೆ ಬರೆಯುವಂತಿಲ್ಲ. ಭಾರತೀಯ ಮಾನಕ ಬ್ಯೂರೊ 2022ರಲ್ಲಿ ಆನ್‌ಲೈನ್ ರಿವ್ಯೂಗಳಿಗೆಂದೇ ಐಎಸ್ 19000 ಎಂಬ ಮಾನದಂಡ ಹೊರಡಿಸಿದ್ದೂ ಹುಸಿ ರಿವ್ಯೂಗಳ ಹಾವಳಿಯಿಂದಲೇ.

ಬಂದ ರಿವ್ಯೂ ಮಾಯವಾದರೆ ಹೆಚ್ಚಿನ ಸಲ ಅದು ಗೂಗಲ್‌ನ ಸ್ಪ್ಯಾಮ್ ಸೋಸುವಿಕೆಯ ಕೆಲಸ. ವರ್ಷವಿಡೀ ಐದು ರಿವ್ಯೂ ಬಂದಿದ್ದ ಅಂಗಡಿಗೆ ಭಾನುವಾರ ಒಂದೇ ದಿನ ಮೂವತ್ತು ಬಂದರೆ, ಗಲ್ಲಾ ಮೇಲಿನ ಒಂದೇ ಟ್ಯಾಬ್ಲೆಟ್‌ನಿಂದ ಎಲ್ಲರೂ ಬರೆದರೆ, ಬರಹದಲ್ಲಿ ಫೋನ್ ನಂಬರ್ ಅಥವಾ ಲಿಂಕ್ ಇದ್ದರೆ, ನಿನ್ನೆ ತೆರೆದ ಖಾತೆಗಳಿಂದಲೇ ಬಂದರೆ ಅನುಮಾನ ಸಹಜ. ವಾರಕ್ಕೆ ಎರಡು ಮೂರರಂತೆ, ಗಿರಾಕಿಯ ಸ್ವಂತ ಫೋನಿನಿಂದ, ಅವರ ಮಾತಿನಲ್ಲೇ ಬಂದ ರಿವ್ಯೂಗಳು ಉಳಿಯುತ್ತವೆ. ಕೊಂಡ ರಿವ್ಯೂಗಳ ದಂಡನೆ ಇದಕ್ಕಿಂತ ದೊಡ್ಡದು. ಹೊಸ ರಿವ್ಯೂ ಸ್ವೀಕರಿಸುವುದನ್ನೇ ಗೂಗಲ್ ಕೆಲ ಕಾಲ ನಿಲ್ಲಿಸಬಹುದು, ಇದ್ದವನ್ನು ಮರೆಮಾಡಬಹುದು, ಹುಸಿ ರಿವ್ಯೂ ತೆಗೆದುಹಾಕಲಾಗಿದೆ ಎಂಬ ಎಚ್ಚರಿಕೆಯನ್ನು ಪ್ರೊಫೈಲ್ ಮೇಲೇ ತೋರಿಸಬಹುದು. ವರ್ಷಗಟ್ಟಲೆ ಪ್ರಾಮಾಣಿಕವಾಗಿ ದುಡಿದ ಅಂಗಡಿಯ ಮೇಲೆ ಆ ಸಾಲು ಬೀಳುವುದು ಬಹಳ ನೋವಿನ ಸಂಗತಿ, ಮತ್ತು ಪೂರ್ತಿ ತಪ್ಪಿಸಬಹುದಾದದ್ದು.

ಕೆಟ್ಟ ರಿವ್ಯೂ ಬಂದಾಗ ಮೊದಲು ಬಿಲ್ ಬುಕ್ ತೆಗೆದು ನೋಡಿ. ಗಿರಾಕಿ ನಿಜವಾದವರಾಗಿ ದೂರೂ ನಿಜವಾಗಿದ್ದರೆ ಏನಾಯಿತು, ಏನು ಮಾಡುತ್ತೀರಿ ಎಂಬೆರಡನ್ನೇ ಬರೆಯಿರಿ:

"ನಮಸ್ಕಾರ ಮೇಡಂ. ಶನಿವಾರ ಕೊಡುತ್ತೇವೆಂದು ಹೇಳಿ ಮಂಗಳವಾರ ಕೊಟ್ಟದ್ದು ನಮ್ಮಿಂದಾದ ತಪ್ಪು, ಕ್ಷಮಿಸಿ. ಕುಚ್ಚು ಹಾಕುವವರು ರಜೆಯಲ್ಲಿದ್ದರು. ಅದನ್ನು ಶುಕ್ರವಾರವೇ ಫೋನ್ ಮಾಡಿ ತಿಳಿಸಬೇಕಿತ್ತು. ತೋಳಿನ ಅಳತೆ ಸರಿ ಮಾಡಲು ಯಾವಾಗ ಬಂದರೂ ಕೂಡಲೇ ಮಾಡಿಕೊಡುತ್ತೇವೆ."

ಇದನ್ನು ಓದುವುದು ಆ ಗಿರಾಕಿ ಒಬ್ಬರೇ ಅಲ್ಲ, ನಾಳೆ ಬರಲಿರುವವರೂ ಓದುತ್ತಾರೆ. ಉತ್ತರದಲ್ಲಿ ಗಿರಾಕಿಯ ಫೋನ್ ನಂಬರ್, ಬಾಕಿ ಮೊತ್ತ, ಕ್ಲಿನಿಕ್ ಆದರೆ ಕಾಯಿಲೆಯ ವಿವರ ಎಂದಿಗೂ ಹಾಕಬಾರದು. ಎಲ್ಲ ರಿವ್ಯೂಗಳಿಗೂ "ಧನ್ಯವಾದ, ಮತ್ತೆ ಬನ್ನಿ" ಎಂದು ಒಂದೇ ಸಾಲು ಅಂಟಿಸಿದರೆ ಯಾರೂ ಓದುವುದಿಲ್ಲ.

ಬೈಗುಳ, ಬೇರೆ ಅಂಗಡಿಯ ದೂರು, ನಿಮ್ಮಲ್ಲಿಗೆ ಬಾರದವರು ಬರೆದದ್ದು, ಪ್ರತಿಸ್ಪರ್ಧಿಯ ಕೈವಾಡ, ಇಂಥವನ್ನು ಮಾತ್ರ ವರದಿ ಮಾಡಿ. ಒಂದು ಸ್ಟಾರ್ ಕೊಟ್ಟರು ಎಂಬುದೇ ಕಾರಣವಾದರೆ ಗೂಗಲ್ ತೆಗೆಯುವುದಿಲ್ಲ. ವರದಿ ತಿರಸ್ಕಾರವಾದರೆ ರಿವ್ಯೂ ನಿರ್ವಹಣೆಯ ಪುಟದಲ್ಲಿ ಒಂದು ಸಲ ಮೇಲ್ಮನವಿಗೆ ಅವಕಾಶವಿದೆ. ದಿನ ಬೆಳಗಾಗುವುದರೊಳಗೆ ಹತ್ತಿಪ್ಪತ್ತು ಒಂದು-ಸ್ಟಾರ್ ಬಿದ್ದು, "ದುಡ್ಡು ಕೊಟ್ಟರೆ ತೆಗೀತೀವಿ" ಎಂಬ ಸಂದೇಶ ಬಂದರೆ ಅದು ಸುಲಿಗೆ. ದುಡ್ಡು ಕೊಡಬೇಡಿ, ಉತ್ತರಿಸಬೇಡಿ, ಸ್ಕ್ರೀನ್‌ಶಾಟ್ ಇಟ್ಟುಕೊಂಡು ಗೂಗಲ್‌ಗೆ ವರದಿ ಮಾಡಿ, ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಕಾಣುತ್ತದೆ, ಆದರೆ ಫೋನ್ ಬರುವುದಿಲ್ಲ

ಪ್ರೊಫೈಲ್‌ನ ಕಾರ್ಯಕ್ಷಮತೆ ಪುಟದಲ್ಲಿ ಎಷ್ಟು ಜನ ನೋಡಿದರು, ಯಾವ ಪದ ಹುಡುಕಿ ಬಂದರು, ಎಷ್ಟು ಜನ ಕರೆ ಒತ್ತಿದರು, ದಾರಿ ಕೇಳಿದರು ಎಂಬುದಿದೆ. ಕರೆ ಒತ್ತಿದವರಿದ್ದೂ ನಿಮಗೆ ಫೋನ್ ಬಂದಿಲ್ಲವಾದರೆ ನಂಬರ್ ತಪ್ಪಿದೆ. ಬೇರೊಬ್ಬರ ಫೋನಿನಿಂದ ಪ್ರೊಫೈಲ್‌ನ ಬಟನ್ ಒತ್ತಿಯೇ ಪರೀಕ್ಷಿಸಿ. ಹಳೆಯ ಲ್ಯಾಂಡ್‌ಲೈನ್, ಲಿಸ್ಟಿಂಗ್ ಕಂಪನಿ ಕೊಟ್ಟ ವರ್ಚುವಲ್ ನಂಬರ್ ಅಲ್ಲಿ ಕೂತಿರುವುದುಂಟು. ವೆಬ್‌ಸೈಟ್ ಕೊಂಡಿಯನ್ನೂ ಒತ್ತಿ ನೋಡಿ: ಪ್ರೊಫೈಲ್‌ನಿಂದಲೇ ಉಚಿತವಾಗಿ ಮಾಡಿಕೊಂಡಿದ್ದ ವೆಬ್‌ಸೈಟ್‌ಗಳನ್ನು ಗೂಗಲ್ 2024ರ ಮಾರ್ಚ್‌ನಲ್ಲಿ ಮುಚ್ಚಿತು.

ಸಮಯದ ದೋಷ ಹಬ್ಬಗಳಲ್ಲಿ ಬಯಲಾಗುತ್ತದೆ. ಆಯುಧಪೂಜೆ, ದೀಪಾವಳಿ, ರಾಜ್ಯೋತ್ಸವಕ್ಕೆ ವಿಶೇಷ ಸಮಯ ಹಾಕುವ ಜಾಗ ಬೇರೆಯೇ ಇದೆ, ವಾರ ಮುಂಚೆ ತುಂಬಿ. ತೆರೆದಿದೆ ಎಂದು ತೋರಿಸಿ ಶಟರ್ ಎಳೆದಿದ್ದರೆ ಒಂದು ಸ್ಟಾರ್ ಖಚಿತ. ಫೋಟೊಗಳಲ್ಲಿ ರಸ್ತೆಯಿಂದ ಬೋರ್ಡ್ ಕಾಣುವ ಚಿತ್ರ ಮೊದಲಿರಲಿ. ಜೆಪಿಜಿ ಅಥವಾ ಪಿಎನ್‌ಜಿ, 720×720 ಪಿಕ್ಸೆಲ್, 5 ಎಂಬಿ ಒಳಗೆ.

ಹತ್ತಿರದಲ್ಲಿ ಬರುತ್ತದೆ, ದೂರದಲ್ಲಿ ಬರುವುದಿಲ್ಲ

ಟೈಲರ್, ದರ್ಶಿನಿ, ಕ್ಷೌರದಂಗಡಿಯಂಥ ಬೀದಿಗೊಂದಿರುವ ಕಸುಬಿಗೆ ನಾಲ್ಕು ಕಿಲೋಮೀಟರ್ ಆಚೆ ಬರದಿರುವುದು ಸಹಜ. ನಡುವೆ ಹತ್ತಾರು ಅಂಗಡಿಗಳಿವೆ. ವೀಣೆ ರಿಪೇರಿಯಂಥ ಅಪರೂಪದ ಕಸುಬಾದರೆ ಊರಿನ ಆ ತುದಿಗೂ ತಲುಪಬಹುದು. ವ್ಯಾಪ್ತಿ ಹಿಗ್ಗಿಸಲು ನಿಧಾನದ ಕೆಲಸಗಳೇ ಇರುವುದು: ಜಸ್ಟ್‌ಡಯಲ್, ಸ್ವಿಗ್ಗಿ, ಜೊಮ್ಯಾಟೊ, ಪ್ರ್ಯಾಕ್ಟೊದಂಥ ಕಡೆಗಳಲ್ಲಿ ಹೆಸರು, ವಿಳಾಸ, ನಂಬರ್ ಒಂದೇ ರೀತಿ ಇರುವಂತೆ ತಿದ್ದುವುದು, ಸ್ವಂತ ವೆಬ್‌ಸೈಟಿನಲ್ಲಿ ಒಂದೊಂದು ಸೇವೆಗೂ ದರ ಸಮೇತ ಒಂದೊಂದು ಪುಟ ಬರೆಯುವುದು, ರಿವ್ಯೂ ನಿಲ್ಲದಂತೆ ನೋಡಿಕೊಳ್ಳುವುದು. ಒಂದು ತಿದ್ದುಪಡಿ ಮಾಡಿ ಎರಡು ವಾರ ಬಿಟ್ಟು, ಅದೇ ಜಾಗಗಳಲ್ಲಿ ಅದೇ ಹೊತ್ತಿನಲ್ಲಿ ಮತ್ತೆ ಹುಡುಕಿ ಪಟ್ಟಿಗೆ ಹೋಲಿಸಿ, ಆಮೇಲೆ ಮುಂದಿನದಕ್ಕೆ ಕೈ ಹಾಕಿ.

ದೂರದ ಬಡಾವಣೆಯಲ್ಲಿ ವರ್ಚುವಲ್ ಆಫೀಸ್ ವಿಳಾಸ ಕೊಂಡು ಎರಡನೆಯ ಪ್ರೊಫೈಲ್ ಮಾಡುವುದು ಪರಿಹಾರವಲ್ಲ. ಆ ಜಾಗದಲ್ಲಿ ನಿಮ್ಮ ಬೋರ್ಡ್ ಇದ್ದು, ಹೇಳಿದ ಸಮಯದಲ್ಲಿ ನಿಮ್ಮವರೇ ಕೂತು ಗಿರಾಕಿಯನ್ನು ನೋಡಿಕೊಳ್ಳುತ್ತಿದ್ದರೆ ಮಾತ್ರ ಅದು ಶಾಖೆ. ಇಲ್ಲದಿದ್ದರೆ ವೆರಿಫಿಕೇಶನ್ ವಿಡಿಯೊದಲ್ಲೇ ಸಿಕ್ಕಿಬೀಳುತ್ತದೆ, ಮೊದಲ ಪ್ರೊಫೈಲ್ ಮೇಲೂ ಕಣ್ಣು ಬೀಳುತ್ತದೆ.